ವಾರವಿಡೀ ನಿಂತೇ ಇರುವ ಪುಟ್ಟ ಸ್ಪೋರ್ಟ್ಸ್ ಕಾರಿಗೆ ಯಾವ ಬ್ಯಾಟರಿ? ಖರೀದಿಸುವ ಮುನ್ನ ಇಷ್ಟು ತಿಳಿದಿರಲಿ

ಠಾಣೆ: ವಾರದ ದಿನಗಳಲ್ಲಿ ಲೋಕಲ್ ರೈಲು, ಭಾನುವಾರ ಮಾತ್ರ ಕಾರು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಅನೇಕ ಮನೆಗಳ ದಿನಚರಿಯೇ ಹೀಗೆ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ಫಿಯೆಟ್ ಅಬಾರ್ತ್ ಪುಂಟೊ, ಮಾರುತಿ ಬಲೆನೊ ಆರ್‌ಎಸ್‌ನಂತಹ ಪುಟ್ಟ, ಚುರುಕಿನ ಕಾರುಗಳನ್ನು ಇಷ್ಟಪಟ್ಟು ಇಟ್ಟುಕೊಂಡವರಂತೂ ಅವನ್ನು ಹೊರಗೆ ತೆಗೆಯುವುದೇ ರಜೆಯ ದಿನ. ಆ ದಿನವೇ ಕೀ ತಿರುಗಿಸಿದರೆ ಬರೀ 'ಕಟ್ ಕಟ್' ಸದ್ದು! ರಾತ್ರಿ ಹೊತ್ತು ಯಾರನ್ನಾದರೂ ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಹೀಗಾದರೆ ಪರದಾಟ ಹೇಳತೀರದು.

ಹೊಸ ಬ್ಯಾಟರಿ ಹಾಕಿಸಿದರೆ ಸಮಸ್ಯೆ ಮುಗಿಯಿತೇ? ಕಾರಣ ಪತ್ತೆಹಚ್ಚದೆ ಹಾಕಿಸಿದರೆ ಅದೂ ಬೇಗ ಕೈಕೊಡಬಹುದು. ಬ್ಯಾಟರಿ ಆಯ್ಕೆಯಲ್ಲಿ ಬ್ರ್ಯಾಂಡ್‌ಗಿಂತ ಮುಖ್ಯವಾದ ಕೆಲವು ಅಂಶಗಳು ಇಲ್ಲಿವೆ.

ಮೊದಲು ಪರೀಕ್ಷೆ, ಆಮೇಲೆ ಖರೀದಿ

ಕಾರನ್ನು ಕೆಲವು ಗಂಟೆ ನಿಲ್ಲಿಸಿಟ್ಟ ಮೇಲೆ ಮಲ್ಟಿಮೀಟರ್‌ನಿಂದ ಬ್ಯಾಟರಿಯ ವೋಲ್ಟೇಜ್ ನೋಡಿ. ಸಾಮಾನ್ಯ ಲೆಡ್-ಆಸಿಡ್ ಬ್ಯಾಟರಿಯ ಲೆಕ್ಕ ಸುಮಾರು ಹೀಗಿರುತ್ತದೆ:

* 12.6 ವೋಲ್ಟ್ ಅಥವಾ ಹೆಚ್ಚು: ಪೂರ್ತಿ ಚಾರ್ಜ್
* 12.4 ವೋಲ್ಟ್: ಮುಕ್ಕಾಲು ಭಾಗ
* 12.2 ವೋಲ್ಟ್: ಅರ್ಧ
* 12 ವೋಲ್ಟ್‌ಗಿಂತ ಕಡಿಮೆ: ಬಹುತೇಕ ಖಾಲಿ

ವೋಲ್ಟೇಜ್ ಕಡಿಮೆ ಇದ್ದ ಮಾತ್ರಕ್ಕೆ ಬ್ಯಾಟರಿ ಸತ್ತಿದೆ ಎಂದಲ್ಲ. ಚಾರ್ಜರ್‌ನಿಂದ ಪೂರ್ತಿ ಚಾರ್ಜ್ ಮಾಡಿಸಿ, ನಂತರ ಲೋಡ್ ಟೆಸ್ಟ್ ಮಾಡಿಸಿ. ಅದರಲ್ಲೂ ಸೋತರೆ ಮಾತ್ರ ಬದಲಿಸುವ ಮಾತು.

ಎಂಜಿನ್ ಓಡುತ್ತಿರುವಾಗಲೂ ಒಮ್ಮೆ ಅಳೆಯಿರಿ. ಸಾಮಾನ್ಯವಾಗಿ 13.5ರಿಂದ 14.7 ವೋಲ್ಟ್ ಇರಬೇಕು. ಇದಕ್ಕಿಂತ ತೀರಾ ಕಡಿಮೆ ಇದ್ದರೆ ದೋಷ ಆಲ್ಟರ್ನೇಟರ್‌ನಲ್ಲೋ ಬೆಲ್ಟ್‌ನಲ್ಲೋ ಇರಬಹುದು. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಈ ವೋಲ್ಟೇಜನ್ನು ಏರಿಳಿಸುತ್ತದೆ. ಅಂಥ ಕಾರುಗಳ ಪರೀಕ್ಷೆಯನ್ನು ಬಲ್ಲವರಿಂದಲೇ ಮಾಡಿಸಿ.

ನಿಂತ ಕಾರೂ ಕರೆಂಟ್ ಕುಡಿಯುತ್ತದೆ!

ಅಲಾರಂ, ಗಡಿಯಾರ, ರಿಮೋಟ್ ಲಾಕ್, ಜಿಪಿಎಸ್ ಟ್ರ್ಯಾಕರ್, ಡ್ಯಾಶ್‌ಕ್ಯಾಮ್. ಕಾರು ಲಾಕ್ ಆಗಿದ್ದರೂ ಇವುಗಳಲ್ಲಿ ಹಲವು ಎಚ್ಚರವಾಗಿಯೇ ಇರುತ್ತವೆ. ಹೀಗೆ ಸೋರುವ ಕರೆಂಟ್ 50 ಮಿಲಿಆಂಪ್ ಎಂದುಕೊಳ್ಳಿ. ವಾರಕ್ಕೆ 8.4 ಆಂಪ್-ಅವರ್ ಖರ್ಚಾಯಿತು. 44 ಆಂಪ್-ಅವರ್ ಬ್ಯಾಟರಿಯಲ್ಲಿ ಇದು ಸುಮಾರು ಐದನೇ ಒಂದು ಭಾಗ. ನಾಲ್ಕು ವಾರ ಊರಿಗೆ ಹೋಗಿ ಬಂದರೆ ಮುಕ್ಕಾಲು ಬ್ಯಾಟರಿ ಖಾಲಿ.

ಭಾನುವಾರ ತರಕಾರಿ ತರಲು ಎರಡು ಕಿಲೋಮೀಟರ್ ಓಡಿಸಿದರೆ ಈ ನಷ್ಟ ತುಂಬುವುದಿಲ್ಲ. ಅರೆ ಚಾರ್ಜ್‌ನಲ್ಲೇ ಉಳಿದ ಬ್ಯಾಟರಿಯ ತಟ್ಟೆಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗುತ್ತಾ ಹೋಗಿ, ಅದರ ಸಾಮರ್ಥ್ಯವೇ ಕುಗ್ಗುತ್ತದೆ. ಬದಲಿಸುವ ಮುನ್ನ ಎಲೆಕ್ಟ್ರಿಷಿಯನ್ ಬಳಿ ಈ ಸೋರಿಕೆಯನ್ನು ಅಳೆಸಿ. ಹೊರಗಿನಿಂದ ಹಾಕಿಸಿದ ಉಪಕರಣಗಳ ವೈರಿಂಗ್ ಮೇಲೆ ಮೊದಲು ಕಣ್ಣಿಡಿ.

ನಮ್ಮಲ್ಲಿ ಶತ್ರು ಚಳಿಯಲ್ಲ, ಬಿಸಿ

ವಿದೇಶದ ವಿಡಿಯೊಗಳನ್ನು ನೋಡಿ ಹೆಚ್ಚು 'ಸಿಸಿಎ' ಇರುವ ಬ್ಯಾಟರಿಯೇ ಬೇಕು ಎನ್ನುವವರಿದ್ದಾರೆ. ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್ ಎಂಬ ಈ ಅಂಕಿ ಮೈನಸ್ 18 ಡಿಗ್ರಿಯಲ್ಲಿ ಬ್ಯಾಟರಿ ಎಷ್ಟು ಕರೆಂಟ್ ಕೊಡಬಲ್ಲದು ಎಂಬುದರ ಅಳತೆ. ಕಲ್ಯಾಣದಲ್ಲಿ ಅಂಥ ಚಳಿ ಎಲ್ಲಿ? ಕಂಪನಿ ಹೇಳಿದ ಅಂಕಿಗಿಂತ ಕಡಿಮೆಯದನ್ನು ಹಾಕಿಸಬೇಡಿ. ಅದಕ್ಕಿಂತ ಹೆಚ್ಚಿನದಕ್ಕಾಗಿ ದುಡ್ಡು ಸುರಿಯುವ ಅಗತ್ಯವೂ ಇಲ್ಲ.

ಇಲ್ಲಿ ಬ್ಯಾಟರಿ ಕೊಲ್ಲುವುದು ಬಿಸಿ. ಉಷ್ಣಾಂಶ ಸುಮಾರು 10 ಡಿಗ್ರಿ ಹೆಚ್ಚಾದರೆ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕ್ಷೇತ್ರದ ಸ್ಥೂಲ ಲೆಕ್ಕ. ಪುಟ್ಟ ಬಾನೆಟ್‌ನೊಳಗೆ ಟರ್ಬೊ ಎಂಜಿನ್ ಇದ್ದು, ಘೋಡ್‌ಬಂದರ್ ರಸ್ತೆಯ ಟ್ರಾಫಿಕ್‌ನಲ್ಲಿ ಆಮೆಗತಿಯಲ್ಲಿ ಸಾಗಿದರೆ ಒಳಗಿನ ಬಿಸಿ ಊಹಿಸಿಕೊಳ್ಳಿ. ಹಲವು ಕಾರುಗಳಲ್ಲಿ ಬ್ಯಾಟರಿ ಸುತ್ತ ಬಿಸಿ ತಡೆಯುವ ಹೊದಿಕೆ ಇರುತ್ತದೆ. ಹೊಸ ಬ್ಯಾಟರಿ ಕೂರಿಸುವಾಗ ಅದನ್ನು ಮರಳಿ ಹಾಕಿದ್ದಾರೆಯೇ ನೋಡಿಕೊಳ್ಳಿ.

ಯಾವ ಬಗೆ?

* ಸಾಮಾನ್ಯ ಬ್ಯಾಟರಿ: ಸ್ಟಾರ್ಟ್-ಸ್ಟಾಪ್ ವ್ಯವಸ್ಥೆ ಇಲ್ಲದ ಹೆಚ್ಚಿನ ಕಾರುಗಳಿಗೆ ಇದೇ ಸಾಕು. ಬೆಲೆಯೂ ಕಡಿಮೆ.
* ಇಎಫ್‌ಬಿ: ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ಆಫ್ ಆಗಿ ಆನ್ ಆಗುವ ಕಾರುಗಳಿಗಾಗಿ ತಯಾರಾದದ್ದು.
* ಎಜಿಎಂ: ಆಮ್ಲವನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುತ್ತದೆ. ಮತ್ತೆ ಮತ್ತೆ ಖಾಲಿಯಾಗಿ ತುಂಬುವುದನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಬೆಲೆ ಹೆಚ್ಚು.

ಕಾರಿನಲ್ಲಿ ಕಂಪನಿಯೇ ಇಎಫ್‌ಬಿ ಅಥವಾ ಎಜಿಎಂ ಕೊಟ್ಟಿದ್ದರೆ ದುಡ್ಡು ಉಳಿಸಲು ಸಾಮಾನ್ಯ ಬ್ಯಾಟರಿಗೆ ಇಳಿಯಬೇಡಿ. ಕೆಲವು ಯುರೋಪಿಯನ್ ಕಾರುಗಳಲ್ಲಿ ಹೊಸ ಬ್ಯಾಟರಿಯ ವಿವರವನ್ನು ಕಾರಿನ ಕಂಪ್ಯೂಟರ್‌ಗೆ ದಾಖಲಿಸಬೇಕಾಗುತ್ತದೆ. ಅಂಗಡಿಯವರಿಗೆ ಆ ಸೌಲಭ್ಯ ಇದೆಯೇ ಎಂದು ಮೊದಲೇ ಕೇಳಿ.

ಬ್ಯಾಟರಿ ಎಲ್ಲಿದೆ ಎಂಬುದೂ ಮುಖ್ಯ. 1989ರಲ್ಲಿ ಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಸ್ಪೋರ್ಟ್ಸ್ ಕಾರಿನಲ್ಲಿ ಬ್ಯಾಟರಿ ಇರುವುದು ಹಿಂದಿನ ಡಿಕ್ಕಿಯಲ್ಲಿ. ಚಾರ್ಜ್ ಆಗುವಾಗ ಹೊಮ್ಮಬಹುದಾದ ಹೈಡ್ರೋಜನ್ ಹೊರಹೋಗಲು ಅಲ್ಲಿ ಕೊಳವೆ ಇದೆ. ಹೀಗೆ ಡಿಕ್ಕಿಯಲ್ಲೋ ಸೀಟಿನಡಿಯಲ್ಲೋ ಬ್ಯಾಟರಿ ಇರುವ ಕಾರಿಗೆ ಕೊಳವೆ ಜೋಡಿಸಲು ಬಾರದ ಬ್ಯಾಟರಿ ಬೇಡವೇ ಬೇಡ.

ತೂಕ ಇಳಿಸಲು ಲಿಥಿಯಂ ಬ್ಯಾಟರಿ ಹಾಕಿಸುವ ಆಸೆ ಕೆಲವರಿಗೆ. ಹಗುರ ಎಂಬುದು ನಿಜ. ಆದರೆ ದುಬಾರಿ, ಬಾನೆಟ್‌ನೊಳಗಿನ ಬಿಸಿಗೂ ಕಾರಿನ ಚಾರ್ಜಿಂಗ್ ವ್ಯವಸ್ಥೆಗೂ ಹೊಂದಬೇಕು. ದಿನಬಳಕೆಯ ಕಾರಿಗೆ ಇದು ಅನಗತ್ಯ.

ಅಳತೆ ತಪ್ಪಿದರೆ ಕೂರುವುದೇ ಇಲ್ಲ

ಹಳೆಯ ಬ್ಯಾಟರಿಯ ಮೇಲಿನ ಕೋಡ್‌ನ ಫೋಟೊ ತೆಗೆದುಕೊಂಡು ಹೋಗಿ. ಉದಾಹರಣೆಗೆ 38ಬಿ20ಎಲ್ ಎಂದಿದ್ದರೆ, 20 ಎಂಬುದು ಸೆಂಟಿಮೀಟರ್‌ನಲ್ಲಿ ಸುಮಾರು ಉದ್ದ, ಕೊನೆಯ ಅಕ್ಷರ ಟರ್ಮಿನಲ್ ಯಾವ ಬದಿಗೆ ಎಂಬುದರ ಸೂಚನೆ. ಅದು ಅದಲುಬದಲಾದರೆ ಕೇಬಲ್ ಮುಟ್ಟುವುದೇ ಇಲ್ಲ. ಎಳೆದು ಜೋಡಿಸುವ ಸಾಹಸವಂತೂ ಬೇಡ. ತಟ್ಟೆಯಲ್ಲಿ ಸರಿಯಾಗಿ ಕೂರುವುದಾದರೆ ಆಂಪ್-ಅವರ್ ತುಸು ಹೆಚ್ಚಿದ್ದರೆ ತೊಂದರೆಯಿಲ್ಲ. ಆದರೆ ಸೋರಿಕೆಗೆ, ಕಡಿಮೆ ಓಡಾಟಕ್ಕೆ ದೊಡ್ಡ ಬ್ಯಾಟರಿ ಮದ್ದಲ್ಲ. ಖಾಲಿಯಾಗುವುದು ಕೆಲವು ದಿನ ತಡವಾಗಬಹುದು, ಅಷ್ಟೇ.

ಅಂಗಡಿಯಲ್ಲಿ ಗಮನಿಸಿ

* ತಯಾರಾದ ತಿಂಗಳು, ವರ್ಷ ಕೇಳಿ. ಬಹುಕಾಲ ಅಂಗಡಿಯಲ್ಲೇ ಉಳಿದ ಬ್ಯಾಟರಿ ಬೇಡ.
* ವಾರಂಟಿಯನ್ನು ಬಿಡಿಸಿ ಓದಿ. 18+18 ತಿಂಗಳು ಎಂದರೆ ಮೊದಲ 18 ತಿಂಗಳು ಮಾತ್ರ ಉಚಿತ ಬದಲಾವಣೆ, ಉಳಿದ ಅವಧಿಗೆ ಬೆಲೆಯಲ್ಲಿ ರಿಯಾಯಿತಿ.
* ಲೆಡ್-ಆಸಿಡ್ ಬ್ಯಾಟರಿ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ.28ರಿಂದ ಶೇ.18ಕ್ಕೆ ಇಳಿದಿದೆ. ಬಿಲ್ ಕೇಳಿ ಪಡೆಯಿರಿ.
* ಹಳೆಯ ಬ್ಯಾಟರಿಯನ್ನು ಅಂಗಡಿಗೇ ಕೊಟ್ಟರೆ ಬೆಲೆಯಲ್ಲಿ ಕಡಿತ ಸಿಗುತ್ತದೆ. ಅದರಲ್ಲಿ ಸೀಸ, ಆಮ್ಲ ಇರುವುದರಿಂದ ಕಸಕ್ಕೆ ಎಸೆಯುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮನೆಯ ಕಸದಿಂದ ಬೇರೆಯಾಗಿ ವಿಲೇವಾರಿ ಮಾಡುವುದು ಬಳಕೆದಾರರ ಹೊಣೆ.

ಹಾಕಿಸಿದ ಮೇಲೆ

ವಾರಕ್ಕೊಮ್ಮೆಯಾದರೂ ಅರ್ಧ-ಮುಕ್ಕಾಲು ಗಂಟೆ ಕಾರು ಓಡಿಸಿ. ನಿಂತಲ್ಲೇ ಐದು ನಿಮಿಷ ಎಂಜಿನ್ ಆನ್ ಮಾಡಿ ಆಫ್ ಮಾಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಸೊಸೈಟಿಯ ಪಾರ್ಕಿಂಗ್‌ನಲ್ಲಿ ಪ್ಲಗ್ ಪಾಯಿಂಟ್ ಬಳಸಲು ಅನುಮತಿ ಇದ್ದರೆ, ತುಂಬಿದಾಗ ತಾನಾಗಿ ಕರೆಂಟ್ ತಗ್ಗಿಸುವ ಸ್ಮಾರ್ಟ್ ಚಾರ್ಜರ್ ಒಳ್ಳೆಯ ಹೂಡಿಕೆ. ಗಣೇಶ ಚತುರ್ಥಿಗೆಂದು ಪನ್ವೇಲ್‌ನಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಉಡುಪಿ, ಮಂಗಳೂರಿನತ್ತ ಹೊರಡುವವರು ಒಂದು ವಾರ ಮೊದಲೇ ಬ್ಯಾಟರಿ ಪರೀಕ್ಷೆ ಮಾಡಿಸಿಕೊಳ್ಳಿ. ಬದಲಿಸಬೇಕಾಗಿ ಬಂದರೂ ನಾಲ್ಕು ಅಂಗಡಿ ವಿಚಾರಿಸಲು ಆಗ ಸಮಯವಿರುತ್ತದೆ.