ಕೇದಾರದ ಆರು ತಿಂಗಳ ದುಡಿಮೆ

ಗೌರಿಕುಂಡದಲ್ಲಿ ಮೋಟಾರು ರಸ್ತೆ ಮುಗಿಯುತ್ತದೆ. ಅಲ್ಲಿಂದ ಕೇದಾರನಾಥಕ್ಕೆ ಮಂದಾಕಿನಿಯ ಕಣಿವೆ ಹಿಡಿದು ಸುಮಾರು 16 ಕಿ.ಮೀ. ಏರುದಾರಿ, ಗುಡಿ ಇರುವುದು 3,500 ಮೀಟರಿಗೂ ಮೇಲೆ. ಕಾಲಲ್ಲಿ ಕಸುವಿದ್ದವರು ನಡೆಯುತ್ತಾರೆ. ಆಗದವರು ಹೇಸರಗತ್ತೆ ಏರುತ್ತಾರೆ, ನಾಲ್ವರು ಹೆಗಲು ಕೊಡುವ ದಂಡಿಯಲ್ಲಿ ಕೂರುತ್ತಾರೆ, ಇಲ್ಲವೇ ಒಬ್ಬನೇ ಬೆನ್ನಿಗೆ ಕಟ್ಟಿಕೊಂಡು ಹೊರುವ ಕಂಡಿ ಎಂಬ ಬುಟ್ಟಿಯಲ್ಲಿ. ಹೊರುವವರಲ್ಲಿ ನೇಪಾಳದಿಂದ ಬಂದವರು ಬಹಳ. ಹೇಸರಗತ್ತೆಗಳು ಹೆಚ್ಚಾಗಿ ಸುತ್ತಲ ಹಳ್ಳಿಗಳವು; ಸಾಲ ಮಾಡಿ ಕೊಂಡ ಪ್ರಾಣಿ ಜಾರಿಬಿದ್ದರೆ ಆ ಮನೆಯ ವರ್ಷವೇ ಕೆಟ್ಟಂತೆ.

ದುಡಿಮೆಗೆ ಸಿಗುವುದು ಸುಮಾರು ಆರು ತಿಂಗಳು. ದೀಪಾವಳಿಯ ಬೆನ್ನಿಗೇ, ಭಾಯಿದೂಜ್ ದಿನ ಗುಡಿಯ ಬಾಗಿಲು ಮುಚ್ಚಿ ಉತ್ಸವಮೂರ್ತಿಯ ಡೋಲಿ ಚಳಿಗಾಲದ ನೆಲೆಯಾದ ಊಖೀಮಠಕ್ಕೆ ಇಳಿಯುತ್ತದೆ. ಮತ್ತೆ ಬಾಗಿಲು ತೆರೆಯುವ ದಿನವನ್ನು ಶಿವರಾತ್ರಿಯಂದು ಅಲ್ಲೇ ಗೊತ್ತುಮಾಡುತ್ತಾರೆ. ಈ ಗುಡಿಗೆ ಕನ್ನಡದ ನಂಟೂ ಇದೆ: ಅಲ್ಲಿನ ಮುಖ್ಯ ಪುರೋಹಿತರಾದ ರಾವಲರಾಗುವವರು ವೀರಶೈವ ಜಂಗಮರು, ಹಲವರು ಕರ್ನಾಟಕದವರೇ. ಕನ್ನಡಿಗರಿಗೆ ಪರಿಚಿತವಾದ ಇನ್ನೊಂದು ಅಲ್ಲಿನ ಮೆಟ್ಟಿಲು ಹೊಲಗಳಲ್ಲಿದೆ: ರಾಗಿ. ಅಲ್ಲಿಯವರಿಗದು ಮಡುವಾ. ಪಕ್ಕದಲ್ಲೇ ಊದಲು, ಶರತ್ಕಾಲಕ್ಕೆ ತೆನೆ ಕೆಂಪೇರುವ ರಾಜಗಿರಿ. ಈ ರಾಜಗಿರಿಯನ್ನು ಕಾದ ಬಾಣಲೆಯಲ್ಲಿ ಅರಳಿಸಿ, ಬೆಲ್ಲದ ಪಾಕ ಬೆರೆಸಿ, ಬಿಸಿಯಿರುವಾಗಲೇ ಉಂಡೆ ಕಟ್ಟುತ್ತಾರೆ. ಮಹಿಳಾ ಸಂಘಗಳು ಮಾಡುವ ಈ ಲಡ್ಡು ಈಗ ಕೇದಾರದ ಪ್ರಸಾದ. ಕಾಡುಹಂದಿ, ಕೋತಿಗಳ ಕಾಟಕ್ಕೆ ಬೀಳುಬಿಟ್ಟ ಹೊಲಗಳ ಸೀಮೆಯಲ್ಲಿ, ಯಾತ್ರೆಯ ಹಣ ರಸ್ತೆಬದಿ ಬಿಟ್ಟು ಹೊಲದವರೆಗೆ ಹತ್ತಿದ ಇಂಥ ಉದಾಹರಣೆ ಅಪರೂಪ.

2013ರ ಜೂನ್‌ನಲ್ಲಿ ಗುಡಿಯ ಮೇಲ್ಬದಿಯ ಚೋರಾಬಾರಿ ಸರೋವರ ಒಡೆದು ನೆರೆ ನುಗ್ಗಿ, ದಾರಿ ನಡುವಿನ ರಾಂಬಾಡಾ ಎಂಬ ತಂಗುದಾಣವೇ ಇಲ್ಲವಾಯಿತು. ಸತ್ತವರಲ್ಲಿ ಯಾತ್ರಿಕರಷ್ಟೇ ಅಲ್ಲ, ಹೊಟ್ಟೆಪಾಡಿಗೆ ಮೇಲೆ ಹೋಗಿದ್ದ ಸುತ್ತಲ ಹಳ್ಳಿಗಳ ಗಂಡಸರೂ ಶಾಲೆ ಓದುವ ಹುಡುಗರೂ ಇದ್ದರು. ಮರುವರ್ಷವೇ ಅವರ ಅಣ್ಣತಮ್ಮಂದಿರು ಅದೇ ಏರು ಹತ್ತಿದರು. ಬೇರೆ ದಾರಿ ಇರಲಿಲ್ಲ.

ಗೌರಿಕುಂಡಕ್ಕೂ ಕೆಳಗಿರುವ ಸೋನಪ್ರಯಾಗದಿಂದ ಕೇದಾರಕ್ಕೆ 12.9 ಕಿ.ಮೀ. ರೋಪ್‌ವೇಗೆ ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಎಂಟು-ಒಂಬತ್ತು ಗಂಟೆಯ ಪ್ರಯಾಣ 36 ನಿಮಿಷಕ್ಕೆ ಇಳಿಯುತ್ತದಂತೆ. ಮಂಡಿನೋವಿನ ಮುದುಕರಿಗೆ ಇದು ದೊಡ್ಡ ಉಪಕಾರ, ಹೊರೆ ಹೊತ್ತು ನಲುಗುವ ಪ್ರಾಣಿಗಳಿಗೂ. ಆದರೆ ದಾರಿಯುದ್ದಕ್ಕೂ ಚಹಾ, ಮ್ಯಾಗಿ ಬೇಯಿಸಿ ಬದುಕುವವರ ತಲೆಯ ಮೇಲೆಯೇ ಹಣ ಹಾದುಹೋಗುತ್ತದೆ. ನಿಲ್ದಾಣದ ಅಂಗಡಿಗಳಲ್ಲಿ, ಕೆಲಸಗಳಲ್ಲಿ ಆ ಹಳ್ಳಿಗಳವರಿಗೆ ಮೊದಲ ಹಕ್ಕು ಎಂಬುದನ್ನು ಕಂಬ ನೆಡುವ ಮುಂಚೆಯೇ ಕರಾರಿನಲ್ಲಿ ಬರೆಸಬೇಕು. ರೋಪ್‌ವೇ ಓಡತೊಡಗಿದ ಮೇಲೆ ಅವರ ಮಾತಿಗೆ ಕಿವಿಗೊಡುವವರು ಸಿಗುವುದಿಲ್ಲ.