ಮರಿಗೆ ಮದ್ದು, ತಾಯಿಗೆ ಮೃತ್ಯು

ಸ್ವೀಡನ್ನಿನ ಕುದುರೆ ವೈದ್ಯರಿಗೆ 1990ರ ದಶಕದಲ್ಲಿ ಒಂದು ಒಗಟು ಎದುರಾಯಿತು. ಕುದುರೆಮರಿಗಳಿಗೆ ಒಂದು ಬಗೆಯ ನ್ಯುಮೋನಿಯಾ ಬರುತ್ತದೆ. ರೋಡೋಕಾಕಸ್ ಈಕ್ವಿ ಎಂಬ ಬ್ಯಾಕ್ಟೀರಿಯಾ ಮಣ್ಣಿನ ಧೂಳಿನ ಜೊತೆ ಮರಿಯ ಶ್ವಾಸಕೋಶಕ್ಕೆ ಇಳಿದು ಅಲ್ಲಿ ಕೀವು ಕಟ್ಟಿಸುತ್ತದೆ. ಎರಿತ್ರೋಮೈಸಿನ್ ಮತ್ತು ರಿಫಾಂಪಿಸಿನ್ ಎಂಬ ಎರಡು ಆಂಟಿಬಯಾಟಿಕ್‌ಗಳನ್ನು ವಾರಗಟ್ಟಲೆ ಕುಡಿಸುವುದು ಅದಕ್ಕೆ ಆಗಿನ ಚಿಕಿತ್ಸೆ. ಮರಿಗಳು ಚೇತರಿಸಿಕೊಳ್ಳುತ್ತಿದ್ದವು. ಆದರೆ ಪಕ್ಕದಲ್ಲೇ ನಿಂತಿದ್ದ, ಮದ್ದಿನ ಒಂದು ತೊಟ್ಟೂ ಕುಡಿಸದ ತಾಯಿ ಕುದುರೆ ಇದ್ದಕ್ಕಿದ್ದಂತೆ ತೀವ್ರ ಭೇದಿಗೆ ತುತ್ತಾಗುತ್ತಿತ್ತು. ಕೆಲವು ಸತ್ತೂ ಹೋದವು. ಆ ತಾಯಂದಿರ ಲದ್ದಿಯನ್ನು ಪರೀಕ್ಷಿಸಿದಾಗ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ವಿಷಕಾರಿ ಬ್ಯಾಕ್ಟೀರಿಯಾ ಸಿಕ್ಕಿತು. ತಾಯಿ ಮರಿಯನ್ನು ನೆಕ್ಕುತ್ತದೆ, ಅದರ ಲದ್ದಿ ತಾಗಿದ ಹುಲ್ಲನ್ನು ಮೇಯುತ್ತದೆ, ಅದು ಬಾಯಿಟ್ಟ ನೀರನ್ನೇ ಕುಡಿಯುತ್ತದೆ. ಹೀಗೆ ದಾಟಿಬಂದ ಎಳ್ಳಷ್ಟು ಎರಿತ್ರೋಮೈಸಿನ್ನೇ ತಾಯಿಯ ಕರುಳನ್ನು ಕೆಡಿಸಿತ್ತು ಎಂಬ ತೀರ್ಮಾನಕ್ಕೆ ಸಂಶೋಧಕರು ಬಂದರು.

ಐನೂರು ಕಿಲೋ ತೂಗುವ ಪ್ರಾಣಿಯನ್ನು ಇಷ್ಟು ಅಲ್ಪ ಔಷಧ ಹೇಗೆ ಉರುಳಿಸಿತು? ಉತ್ತರ ಕುದುರೆಯ ಹಿಂಗರುಳಿನಲ್ಲಿದೆ. ಹುಲ್ಲಿನ ನಾರನ್ನು ಸ್ವತಃ ಜೀರ್ಣಿಸಿಕೊಳ್ಳುವ ಶಕ್ತಿ ಹಸುವಿಗೂ ಇಲ್ಲ, ಕುದುರೆಗೂ ಇಲ್ಲ. ಎರಡಕ್ಕೂ ಆ ಕೆಲಸ ಮಾಡಿಕೊಡುವುದು ಸೂಕ್ಷ್ಮಜೀವಿಗಳು. ಹಸುವಿನಲ್ಲಿ ಅವು ಮೊದಲ ಹೊಟ್ಟೆಯಲ್ಲೇ ಇದ್ದರೆ, ಕುದುರೆಯಲ್ಲಿ ಸಣ್ಣಕರುಳು ದಾಟಿದ ಮೇಲೆ ಸಿಗುವ ಕುರುಡುಗರುಳು ಮತ್ತು ದೊಡ್ಡಕರುಳಿನಲ್ಲಿವೆ. ಈ ಎರಡೂ ಸೇರಿದರೆ ಸುಮಾರು 100 ಲೀಟರ್ ಹಿಡಿಯುತ್ತವೆ. ಅಲ್ಲಿ ಕೋಟ್ಯನುಕೋಟಿ ಜೀವಿಗಳು ನಾರನ್ನು ಕೊಳೆಸಿ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಕುದುರೆಯ ಓಟಕ್ಕೆ ಬೇಕಾದ ಶಕ್ತಿಯ ದೊಡ್ಡ ಪಾಲು ಬರುವುದು ಅವುಗಳಿಂದ. ಇದೇ ಜೀವಿಗಳು ಜಾಗವನ್ನೂ ಆಹಾರವನ್ನೂ ಆಕ್ರಮಿಸಿಕೊಂಡು ಕ್ಲಾಸ್ಟ್ರಿಡಿಯಂ, ಸಾಲ್ಮೊನೆಲ್ಲಾಗಳು ತಲೆ ಎತ್ತದಂತೆ ತಡೆಯುತ್ತವೆ. ಆಂಟಿಬಯಾಟಿಕ್‌ಗೆ ಹಿತವರು ಯಾರು, ಅಹಿತರು ಯಾರು ಎಂಬ ಭೇದ ಗೊತ್ತಿಲ್ಲ. ಪೈರು ಸುಟ್ಟುಹೋದ ಹೊಲದಲ್ಲಿ ಕಳೆ ಎದ್ದಂತೆ, ಕಾವಲಿದ್ದ ಜೀವಿಗಳು ಅಳಿದೊಡನೆ ವಿಷಕಾರಿಗಳು ಹಬ್ಬುತ್ತವೆ. ಮನುಷ್ಯರಿಗೆ ನಿತ್ಯ ಕೊಡುವ ಕ್ಲಿಂಡಾಮೈಸಿನ್ ಕುದುರೆಗೆ ಮಾರಕವಾಗುವುದು ಇದೇ ಕಾರಣಕ್ಕೆ. ‘ಕೊಟ್ಟಿರಲಿ, ಕೊಟ್ಟರೆ ನಷ್ಟವೇನು’ ಎಂಬ ಮಾತು ಕುದುರೆಯ ವಿಷಯದಲ್ಲಿ ಮೊದಲ ಹೆಜ್ಜೆಯಲ್ಲೇ ಸುಳ್ಳಾಗುತ್ತದೆ.

ಇದು ಒಂದು ಕುದುರೆಗೆ ಆಗುವ ನಷ್ಟ. ಆಸ್ಪತ್ರೆಯ ನಷ್ಟ ಇದಕ್ಕಿಂತ ದೊಡ್ಡದು. ಆಂಟಿಬಯಾಟಿಕ್ ಪದೇ ಪದೇ ಕೊಟ್ಟರೆ ಪ್ರಾಣಿಯ ಮೈ ಅದಕ್ಕೆ ಒಗ್ಗಿಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಈ ನಂಬಿಕೆಯನ್ನು ಬೇರುಸಮೇತ ಕೀಳಬೇಕು. ನಿರೋಧಕತೆ ಬೆಳೆಯುವುದು ಬ್ಯಾಕ್ಟೀರಿಯಾದಲ್ಲಿ. ಆ ಬ್ಯಾಕ್ಟೀರಿಯಾಕ್ಕೆ ಒಂದೇ ಕುದುರೆಯಲ್ಲಿ ಇರಬೇಕೆಂಬ ಕಟ್ಟುಪಾಡಿಲ್ಲ. ಲದ್ದಿ, ಬಕೆಟ್ಟು, ಬೂಟು, ಥರ್ಮಾಮೀಟರು, ಕೈ, ಎಲ್ಲವೂ ಅದಕ್ಕೆ ದಾರಿಯೇ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಸೆಂಟರ್ ಜಗತ್ತಿನ ಹೆಸರಾಂತ ಕುದುರೆ ಆಸ್ಪತ್ರೆಗಳಲ್ಲೊಂದು. ಹಲವು ಔಷಧಗಳಿಗೆ ಬಗ್ಗದ ಸಾಲ್ಮೊನೆಲ್ಲಾ ನ್ಯೂಪೋರ್ಟ್ ಒಳಹೊಕ್ಕು, 2004ರಲ್ಲಿ ಆ ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. ಸೋಂಕು ತಗುಲಿದ 61 ಪ್ರಾಣಿಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಸತ್ತವು. ಶುಚಿಗೊಳಿಸಿ ಮತ್ತೆ ಬಾಗಿಲು ತೆರೆಯುವಷ್ಟರಲ್ಲಿ ಆದ ಒಟ್ಟು ನಷ್ಟ 40 ಲಕ್ಷ ಡಾಲರ್ ದಾಟಿತ್ತು. ಪ್ರಯಾಣದ ದಣಿವು, ಮೇವಿಲ್ಲದ ಉಪವಾಸ, ಶಸ್ತ್ರಚಿಕಿತ್ಸೆ, ಅದರ ಮೇಲೆ ಆಂಟಿಬಯಾಟಿಕ್: ಇವೆಲ್ಲ ಒಟ್ಟಾಗಿ ಕಾವಲು ಕಳೆದುಕೊಂಡ ಕರುಳುಗಳು ಒಂದೇ ಸೂರಿನಡಿ ಸಾಲಾಗಿ ನಿಂತಿರುವ ಜಾಗವೇ ಕುದುರೆ ಆಸ್ಪತ್ರೆ. ಔಷಧಕ್ಕೆ ಬಗ್ಗದ ರೋಗಾಣುವಿಗೆ ಇದಕ್ಕಿಂತ ಅನುಕೂಲವಾದ ನೆಲೆ ಇನ್ನೊಂದಿಲ್ಲ.

ಆಂಟಿಬಯಾಟಿಕ್ ಕಡಿಮೆ ಮಾಡಿ ಎಂಬ ಮಾತಿಗೆ ಶಸ್ತ್ರಚಿಕಿತ್ಸಕರು ಎತ್ತುವ ಆಕ್ಷೇಪ ಗಟ್ಟಿಯಾದದ್ದು. ಹೊಟ್ಟೆಶೂಲೆಯಿಂದ ಒದ್ದಾಡುವ ಕುದುರೆಯ ಹೊಟ್ಟೆ ಕೊಯ್ದು ಕರುಳನ್ನು ಹೊರತೆಗೆದಿರುವಾಗ, ನಂಜೇರಿದರೆ ಹೊಣೆ ಯಾರು ಎಂದು ಅವರು ಕೇಳುತ್ತಾರೆ. ಹಾಗಾಗಿ ಪೆನಿಸಿಲಿನ್ ಮತ್ತು ಜೆಂಟಮೈಸಿನ್ ಅನ್ನು ಐದು ದಿನ ಕೊಡುವ ರೂಢಿ ಬೆಳೆದು ಬಂತು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಔಷಧವೇ ಬೇಡ ಎಂದು ಯಾರೂ ಹೇಳುತ್ತಿಲ್ಲ. ಪ್ರಶ್ನೆ ಇರುವುದು ಎಷ್ಟು ದಿನ ಎಂಬುದರಲ್ಲಿ. ಚರ್ಮ ಸೀಳುವ ಕ್ಷಣದಲ್ಲಿ ರಕ್ತದಲ್ಲಿ ಔಷಧ ಸಾಕಷ್ಟು ಇರಬೇಕು. ಗಾಯ ಹೊಲಿದ ಮೇಲೆ ಅದರ ಉಪಯೋಗ ಬೇಗ ಇಳಿಯುತ್ತದೆ. ಬರ್ಲಿನ್ನಿನ ಫ್ರೀ ಯೂನಿವರ್ಸಿಟಿಯ ಪಶುವೈದ್ಯರು ಶಸ್ತ್ರಚಿಕಿತ್ಸೆಯ ಹೊತ್ತಿಗೆ ಮಾತ್ರ ಔಷಧ ಪಡೆದ ಕುದುರೆಗಳನ್ನು ಐದು ದಿನ ಪಡೆದ ಕುದುರೆಗಳೊಂದಿಗೆ ಹೋಲಿಸಿದರು. ಗಾಯದ ಸೋಂಕಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನದಲ್ಲಿದ್ದ ಕುದುರೆಗಳ ಸಂಖ್ಯೆ ಕಡಿಮೆ, ಆದ್ದರಿಂದ ಇದನ್ನು ಕೊನೆಯ ಮಾತೆಂದು ಹೇಳುವಂತಿಲ್ಲ. ಆದರೂ ಉಳಿದ ನಾಲ್ಕು ದಿನ ಲಾಭವಿದೆ ಎನ್ನುವವರೇ ಇನ್ನು ಮುಂದೆ ಸಾಕ್ಷ್ಯ ತೋರಿಸಬೇಕು. ಅದೇ ಸಂಶೋಧನೆ ಇನ್ನೊಂದು ಪಾಠವನ್ನೂ ಹೇಳಿತು. ಆಸ್ಪತ್ರೆಯಲ್ಲಿ ತಂಗಿದಷ್ಟು ಕಾಲ ಎರಡೂ ಗುಂಪಿನ ಕುದುರೆಗಳ ಲದ್ದಿಯಲ್ಲಿ ಔಷಧನಿರೋಧಕ ಬ್ಯಾಕ್ಟೀರಿಯಾ ಹೆಚ್ಚಿದವು. ಅಂದರೆ ಮದ್ದು ಕಡಿಮೆ ಮಾಡಿದರಷ್ಟೇ ಸಾಲದು. ಕೈ ತೊಳೆಯುವುದು, ಭೇದಿಯಾದ ಕುದುರೆಯನ್ನು ಬೇರೆ ಲಾಯದಲ್ಲಿ ಕಟ್ಟುವುದು, ನೆಲವನ್ನು ಉಜ್ಜಿ ಒಣಗಿಸುವುದು, ಇವನ್ನೂ ಚಿಕಿತ್ಸೆಯೆಂದೇ ಎಣಿಸಬೇಕು.

‘ಮುಂಚಿತವಾಗಿ ಕೊಟ್ಟರೆ ಕ್ಷೇಮ’ ಎಂಬ ವಾದವನ್ನು ಒರೆಗೆ ಹಚ್ಚಿದ್ದು ಅಮೆರಿಕದ ಕೆಂಟಕಿಯ ಕುದುರೆ ಫಾರ್ಮ್‌ಗಳು. ಮರಿಗಳ ಎದೆಯನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿ, ಕೆಮ್ಮು ಜ್ವರ ಏನೂ ಇಲ್ಲದಿದ್ದರೂ ಸಣ್ಣದೊಂದು ಕೀವುಗಂಟು ಕಂಡರೆ ಸಾಕು, ಆಂಟಿಬಯಾಟಿಕ್ ಶುರುಮಾಡುವ ಪದ್ಧತಿ ಅಲ್ಲಿ ಬಂತು. ಮರಿಗಳು ಬದುಕಿದವು, ಪದ್ಧತಿ ಸರಿಯೆಂದು ತೋರಿತು. ವರ್ಷಗಳು ಕಳೆದಂತೆ ಎರಿತ್ರೋಮೈಸಿನ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ ರೋಡೋಕಾಕಸ್ ಮರಿಗಳಲ್ಲೂ ಫಾರ್ಮ್‌ಗಳ ಮಣ್ಣಿನಲ್ಲೂ ಸಿಗತೊಡಗಿತು. ಔಷಧ ತಡೆಯುವ ಜೀನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದ್ದಾಗಿತ್ತು. ಅತ್ತ ಜರ್ಮನಿಯ ಒಂದು ದೊಡ್ಡ ಫಾರ್ಮ್‌ನಲ್ಲಿ ಅಂಥ ಮರಿಗಳಲ್ಲೇ ಕೆಲವಕ್ಕೆ ಔಷಧವನ್ನೂ ಕೆಲವಕ್ಕೆ ಹುಸಿಮದ್ದನ್ನೂ ಕೊಟ್ಟು ನೋಡಿದಾಗ, ಚಿಕ್ಕ ಗಂಟುಗಳಿದ್ದ ಹೆಚ್ಚಿನ ಮರಿಗಳು ಮದ್ದಿಲ್ಲದೆಯೂ ಗುಣವಾದವು. ಮದ್ದು ಕೊಟ್ಟ ಮೇಲೆ ಗುಣವಾಯಿತು ಎಂದಮಾತ್ರಕ್ಕೆ ಮದ್ದಿನಿಂದಲೇ ಗುಣವಾಯಿತು ಎಂದು ನಂಬುವುದು ಹರಕೆ ಹೊತ್ತದ್ದಕ್ಕೇ ಮಳೆ ಬಂತು ಎನ್ನುವ ಮೂಢನಂಬಿಕೆಯ ಜಾತಿಗೇ ಸೇರಿದ್ದು. ಕೊಡದ ಗುಂಪೊಂದು ಹೋಲಿಕೆಗೆ ಇಲ್ಲದಿದ್ದರೆ ಎಂಥ ಅನುಭವಿಯ ಅನುಭವವೂ ಸಾಕ್ಷಿಯಾಗದು.

ಕೋಳಿ, ಹಂದಿಗಳ ಮುಂದೆ ಕುದುರೆಗಳ ಸಂಖ್ಯೆ ಎಷ್ಟು ಮಹಾ, ಹೆಚ್ಚಿನವರು ಅದರ ಮಾಂಸವನ್ನೂ ತಿನ್ನುವುದಿಲ್ಲ, ಇಷ್ಟೊಂದು ಚಿಂತೆ ಏಕೆ ಎಂದು ಕೇಳುವವರೂ ಇದ್ದಾರೆ. ಔಷಧದ ಒಟ್ಟು ಬಳಕೆಯ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ಕುದುರೆಯಷ್ಟು ಮನುಷ್ಯರ ಕೈಗೆ, ಮುಖಕ್ಕೆ, ಉಸಿರಿಗೆ ಹತ್ತಿರವಿರುವ ದೊಡ್ಡ ಪ್ರಾಣಿಗಳು ಕಡಿಮೆ. ಒಂದು ಊರಿನಿಂದ ಇನ್ನೊಂದಕ್ಕೆ ಅದರಷ್ಟು ಓಡಾಡುವ ಪ್ರಾಣಿಗಳು ಇನ್ನೂ ಕಡಿಮೆ. ಕೆನಡಾದ ಗ್ವೆಲ್ಫ್, ಆಸ್ಟ್ರಿಯಾದ ವಿಯೆನ್ನಾ, ನೆದರ್ಲೆಂಡ್ಸ್‌ನ ಉಟ್ರೆಕ್ಟ್, ಈ ಮೂರೂ ಕಡೆಯ ಕುದುರೆ ಆಸ್ಪತ್ರೆಗಳಲ್ಲಿ ಮೆಥಿಸಿಲಿನ್ ಎಂಬ ಆಂಟಿಬಯಾಟಿಕ್‌ಗೆ ಬಗ್ಗದ ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯಾ ಹರಡಿದ್ದು ದಾಖಲಾಗಿದೆ. 2005ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಪಶುವೈದ್ಯರ ಸಮ್ಮೇಳನಕ್ಕೆ ಬಂದವರ ಮೂಗಿನ ದ್ರವ ಪರೀಕ್ಷಿಸಿದಾಗ, ಒಟ್ಟಾರೆ ಶೇ. 6.5 ಮಂದಿಯಲ್ಲಿ ಈ ಬ್ಯಾಕ್ಟೀರಿಯಾ ಇತ್ತು. ದೊಡ್ಡ ಪ್ರಾಣಿಗಳಿಗೆ ಚಿಕಿತ್ಸೆ ಕೊಡುವವರಲ್ಲಿ ಆ ಪ್ರಮಾಣ ಶೇ. 15.6. ಲಾಯಕ್ಕೂ ಮನೆಗೂ ನಡುವೆ ರೋಗಾಣುವಿಗೆ ಗೋಡೆಯಿಲ್ಲ.

ಬೆಂಗಳೂರು, ಮೈಸೂರಿನ ರೇಸ್ ಕೋರ್ಸ್‌ಗಳ ಲಾಯಗಳಲ್ಲಿರುವ ಕುದುರೆಗಳ ಕರುಳೂ ಇಂಥದ್ದೇ. ಹಾಗಾದರೆ ನಡೆಯಬೇಕಾದ ದಾರಿ ಯಾವುದು? ವೈರಸ್ಸಿನಿಂದ ಬಂದ ಕೆಮ್ಮಿಗೆ ಆಂಟಿಬಯಾಟಿಕ್ ಬೇಡ. ಜೀವ ಹೋಗುವ ಮರಿಗೆ ಲ್ಯಾಬಿನ ವರದಿಗಾಗಿ ಕಾಯದೆ ಔಷಧ ಶುರುಮಾಡಲೇಬೇಕು, ಆದರೆ ಮೊದಲೇ ಮಾದರಿ ತೆಗೆದಿಟ್ಟು, ವರದಿ ಬಂದ ದಿನವೇ ಬದಲಿಸಬೇಕು ಅಥವಾ ನಿಲ್ಲಿಸಬೇಕು. ಬ್ರಿಟನ್ನಿನ ಕುದುರೆ ವೈದ್ಯರ ಸಂಘ 2012ರಿಂದಲೇ ಪ್ರತಿ ಆಸ್ಪತ್ರೆಯೂ ಯಾವ ಕಾಯಿಲೆಗೆ ಮೊದಲು ಯಾವ ಔಷಧ, ಯಾವುದನ್ನು ಕೊನೆಯ ಅಸ್ತ್ರವಾಗಿ ಕಾದಿಡಬೇಕು ಎಂದು ಬರೆದಿಟ್ಟುಕೊಳ್ಳುವಂತೆ ಹೇಳುತ್ತ ಬಂದಿದೆ. ನಮ್ಮಲ್ಲೂ ಅದು ಆಗಬಹುದು. ಕುದುರೆಯ ಯಜಮಾನರು ‘ಇಂಜೆಕ್ಷನ್ ಹಾಕಿಬಿಡಿ’ ಎಂದು ಒತ್ತಾಯಿಸುವ ಬದಲು ‘ಇದು ಬೇಕೇ, ಎಷ್ಟು ದಿನ ಬೇಕು’ ಎಂದು ಕೇಳಲಿ. ಆ ಪ್ರಶ್ನೆ ಕೇಳುವವರಿದ್ದರೆ, ಬೇಡ ಎನ್ನುವ ಧೈರ್ಯ ವೈದ್ಯರಿಗೂ ಬರುತ್ತದೆ.