ಕನ್ನಡಕ ಕೊಳ್ಳದೆ ಕಲಿಯುವ ವಿದ್ಯೆ

ರೇಡಿಯೋದಿಂದ ಹೊರಟ ಧ್ವನಿ ನಡುಮನೆಯನ್ನೆಲ್ಲ ತುಂಬಿಕೊಳ್ಳುತ್ತದೆ. ಚಿತ್ರಕ್ಕೆ ಈ ಭಾಗ್ಯ ಬಹುಕಾಲ ದೊರೆಯಲಿಲ್ಲ. ಸಿನಿಮಾ ಆಗಲಿ, ಟೆಲಿವಿಷನ್ ಆಗಲಿ, ಕಂಪ್ಯೂಟರ್ ಆಗಲಿ, ಚಿತ್ರವೆಂಬುದು ಒಂದು ಚೌಕದೊಳಗೇ ಉಳಿಯಿತು. ಆ ಚೌಕವನ್ನು ದಾಟಿ, ಕಂಪ್ಯೂಟರ್ ರಚಿಸಿದ ವಸ್ತುಗಳು ನಾವು ಕುಳಿತ ಕೋಣೆಯಲ್ಲಿಯೇ, ಮೇಜಿನ ಮೇಲೋ ಗೋಡೆಯ ಪಕ್ಕದಲ್ಲೋ ಇರುವಂತೆ ಕಾಣಿಸುವ ವಿದ್ಯೆಗೆ ಸ್ಪೇಷಿಯಲ್ ಕಂಪ್ಯೂಟಿಂಗ್ ಎಂದು ಹೆಸರು. ನೋಡುವವನು ಕಣ್ಣಿಗೆ ದಪ್ಪನೆಯ ಕನ್ನಡಕದಂಥ ಒಂದು ಸಾಧನವನ್ನು ತೊಟ್ಟಿರುತ್ತಾನೆ. ಅವನು ತಲೆ ಹೊರಳಿಸಿದರೂ ಎದ್ದು ನಡೆದರೂ ಆ ವಸ್ತು ಇಟ್ಟಲ್ಲಿಯೇ ಇರುತ್ತದೆ.

ಇದು ನಿನ್ನೆ ಮೊನ್ನೆಯ ಕನಸಲ್ಲ. ಅಮೆರಿಕದ ಐವಾನ್ ಸದರ್ಲ್ಯಾಂಡ್ ೧೯೬೮ರಲ್ಲಿಯೇ ಇಂಥದೊಂದು ಯಂತ್ರವನ್ನು ಮಾಡಿ ತೋರಿಸಿದರು. ಅದು ಛಾವಣಿಗೆ ತೂಗುಹಾಕಿದ್ದ ಯಂತ್ರ. ಅದರಲ್ಲಿ ಕಾಣುತ್ತಿದ್ದುದು ಬರಿಯ ಗೆರೆಗಳ ಆಕೃತಿ. ಅಲ್ಲಿಂದ ಇಲ್ಲಿಯವರೆಗಿನ ಕಥೆ ದೊಡ್ಡದು, ಅದನ್ನು ಬಿಡೋಣ. ೨೦೨೪ರ ಫೆಬ್ರವರಿ ೨ರಂದು ಆ್ಯಪಲ್ ಕಂಪನಿ ಅಮೆರಿಕದಲ್ಲಿ ವಿಷನ್ ಪ್ರೋ ಎಂಬ ಸಾಧನವನ್ನು ಮಾರಾಟಕ್ಕೆ ತಂದಿತು. ಬೆಲೆ ೩,೪೯೯ ಡಾಲರ್, ಅಂದಿನ ದರದಲ್ಲಿ ಸುಮಾರು ೨ ಲಕ್ಷ ೯೦ ಸಾವಿರ ರೂಪಾಯಿ. ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕಲಿತ ಮಗನೋ ಮಗಳೋ ಇದ್ದು, ಈ ವಿದ್ಯೆಗೆ ಕೈಹಾಕುತ್ತೇನೆಂದರೆ ನಿಮಗೆ ಮೊದಲು ತೋರುವ ಪ್ರಶ್ನೆ ಇದೇ: ಇಷ್ಟು ಹಣ ಸುರಿಯದೆ ಇದನ್ನು ಕಲಿಯಲಾದೀತೇ?

ಬಹುಮಟ್ಟಿಗೆ ಆದೀತು. ಸಾಧನ ಅಂಗಡಿಗೆ ಬರುವುದಕ್ಕೆ ಏಳು ತಿಂಗಳಿಗೂ ಮುಂಚೆ, ೨೦೨೩ರ ಜೂನ್ ತಿಂಗಳಿನಲ್ಲಿಯೇ, ಅದಕ್ಕೆ ಆ್ಯಪ್ ಬರೆಯುವ ಸಲಕರಣೆಗಳನ್ನು ಕಂಪನಿ ಬಿಡುಗಡೆ ಮಾಡಿತ್ತು. ಎಂದ ಮೇಲೆ ಅದರ ಮೊದಲ ಆ್ಯಪ್‌ಗಳನ್ನು ಬರೆದವರಲ್ಲಿ ಅನೇಕರು ಸಾಧನವನ್ನು ಮುಟ್ಟದೆಯೇ ಬರೆಯತೊಡಗಿದವರು! ಎಕ್ಸ್‌ಕೋಡ್ ಎಂಬುದು ಪ್ರೋಗ್ರಾಂ ಬರೆಯುವ ಕಾರ್ಯಾಗಾರ. ರಿಯಾಲಿಟಿ ಕಂಪೋಸರ್ ಪ್ರೋ ಎಂಬುದರಲ್ಲಿ ಘನಾಕೃತಿಗಳನ್ನು ಜೋಡಿಸಿ, ಅವಕ್ಕೆ ಮರ, ಲೋಹ, ಗಾಜುಗಳ ಮೈಬಣ್ಣ ಕೊಟ್ಟು, ಯಾವ ಸದ್ದು ಎಲ್ಲಿಂದ ಬರಬೇಕೆಂಬುದನ್ನೂ ಗೊತ್ತುಮಾಡಬಹುದು. ಇವೆರಡಕ್ಕೂ ಹಣ ಕೊಡಬೇಕಾಗಿಲ್ಲ. ಕಂಪನಿಯ ಎಂಜಿನಿಯರುಗಳೇ ಪಾಠ ಹೇಳುವ ಚಲಚ್ಚಿತ್ರಗಳೂ, ಬಿಚ್ಚಿ ನೋಡಲು ಮಾದರಿ ಆ್ಯಪ್‌ಗಳೂ ಉಚಿತವೇ. ಆದರೆ ಉಚಿತವೆಂಬ ಮಾತಿಗೆ ಒಂದು ಬಾಲವಿದೆ: ಇವು ಓಡಲು ಆ್ಯಪಲ್‌ನದೇ ಮ್ಯಾಕ್ ಕಂಪ್ಯೂಟರ್ ಬೇಕು.

ಮ್ಯಾಕ್ ಇಲ್ಲದವರಿಗೆ ದಾರಿ ಮುಚ್ಚಿಲ್ಲ. ಘನಾಕೃತಿಗಳನ್ನು ಕಡೆಯಲು ಬ್ಲೆಂಡರ್ ಇದೆ. ೨೦೦೨ರಲ್ಲಿ ಅದರ ಬಳಕೆದಾರರೇ ಒಂದು ಲಕ್ಷ ಯೂರೋ ಚಂದಾ ಕೂಡಿಸಿ ಅದನ್ನು ಬಿಡಿಸಿಕೊಂಡು ಎಲ್ಲರ ಸ್ವತ್ತಾಗಿ ಮಾಡಿದರು. ಗೊಡೋ ಎಂಬ ಆಟದ ಎಂಜಿನ್ ಕೂಡ ಎಲ್ಲರಿಗೂ ತೆರೆದದ್ದು. ಎಲ್ಲಕ್ಕಿಂತ ಅಗ್ಗದ ಬಾಗಿಲೆಂದರೆ ೨೦೧೫ರಲ್ಲಿ ಮೊಜಿಲ್ಲಾದಲ್ಲಿ ಹುಟ್ಟಿದ ಎ-ಫ್ರೇಮ್. ಸಾಧಾರಣ ಬ್ರೌಸರ್ ಒಂದಿದ್ದರೆ, ನಾಲ್ಕಾರು ಸಾಲು ಬರೆದು ಒಂದು ಪೆಟ್ಟಿಗೆಯನ್ನೋ ಗೋಲವನ್ನೋ ಬಯಲಿನಲ್ಲಿ ನಿಲ್ಲಿಸಬಹುದು. ಮೊದಲ ವಾರಕ್ಕೆ ಇದಕ್ಕಿಂತ ಒಳ್ಳೆಯ ಉಪಾಧ್ಯಾಯ ಸಿಗಲಾರ.

ಇನ್ನು ಸಿಮ್ಯುಲೇಟರ್ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸಾಧನವಿಲ್ಲದವನ ಊರುಗೋಲು ಅದೇ. ಅದು ಕಂಪ್ಯೂಟರಿನ ಪರದೆಯ ಮೇಲೆ ಒಂದು ಸುಳ್ಳು ಕೋಣೆಯನ್ನು ತೋರಿಸುತ್ತದೆ. ಆ್ಯಪಲ್‌ನ ಸಿಮ್ಯುಲೇಟರಿನಲ್ಲಿ ನಡುಮನೆ, ಅಡಿಗೆಮನೆ, ವಸ್ತುಸಂಗ್ರಹಾಲಯ ಹೀಗೆ ಬೇರೆ ಬೇರೆ ಜಾಗಗಳಿವೆ. ಹಗಲೂ ಉಂಟು, ರಾತ್ರಿಯೂ ಉಂಟು. ಕೀಲಿಮಣೆಯಿಂದ ಅದರೊಳಗೆ ನಡೆಯಬಹುದು. ಇಲಿಯನ್ನು, ಅಂದರೆ ಮೌಸನ್ನು, ಒತ್ತಿದರೆ ಬೆರಳು ಚಿವುಟಿದಂತೆ. ಆ್ಯಪ್ ಸರಿಯಾಗಿ ತೆರೆಯುತ್ತದೆಯೇ, ಕತ್ತಲಲ್ಲಿ ಅಕ್ಷರ ಕಾಣುತ್ತದೆಯೇ ಎಂಬುದೆಲ್ಲ ಇಲ್ಲಿಯೇ ತಿಳಿಯುತ್ತದೆ.

ತಿಳಿಯದಿರುವುದು ದೇಹದ ಮಾತು. ನೋಡಿ, ಪರದೆಯ ಮೇಲೆ ಅಂಗೈಯಗಲ ಕಂಡ ಆನೆ ಸಾಧನದೊಳಗೆ ನಿಜವಾದ ಆನೆಯಷ್ಟೇ ಎತ್ತರವಾಗಿ ಎದುರಿಗೆ ನಿಂತರೆ ಮನುಷ್ಯ ಹಿಂದಕ್ಕೆ ಹೆಜ್ಜೆಯಿಡುತ್ತಾನೆ. ಇದನ್ನು ಸಿಮ್ಯುಲೇಟರ್ ಹೇಳಲಾರದು. ಕೈಯನ್ನು ಹತ್ತು ನಿಮಿಷ ಎತ್ತಿ ಹಿಡಿದರೆ ತೋಳು ನೋಯುತ್ತದೆಂಬುದನ್ನೂ ಹೇಳಲಾರದು. ದೇಹ ಕುಳಿತಲ್ಲೇ ಇದ್ದು ಕಣ್ಣಿನ ಮುಂದಿನ ಲೋಕವಷ್ಟೇ ಸರಿದರೆ, ಚಲನೆಯಿದೆಯೆಂದು ಕಣ್ಣೂ ಇಲ್ಲವೆಂದು ಒಳಕಿವಿಯೂ ಮಿದುಳಿಗೆ ವರದಿ ಮಾಡಿ, ಘಟ್ಟದ ಬಸ್ಸಿನಲ್ಲಿ ಆಗುವಂತೆ ಹೊಟ್ಟೆ ತೊಳಸುತ್ತದೆ. ಆದುದರಿಂದಲೇ ಸೆಕೆಂಡಿಗೆ ಸುಮಾರು ೯೦ ಚಿತ್ರಗಳು ತಪ್ಪದೆ ಮೂಡಬೇಕು. ಒಂದು ಚಿತ್ರಕ್ಕೆ ದೊರೆಯುವ ಕಾಲ ಸೆಕೆಂಡಿನ ನೂರರಲ್ಲೊಂದು ಭಾಗಕ್ಕಿಂತ ಅತ್ಯಲ್ಪ ಹೆಚ್ಚು, ಅಷ್ಟೇ.

ಕಣ್ಣಿನ ವಿಷಯವೂ ಹೀಗೆಯೇ. ವಿಷನ್ ಪ್ರೋದಲ್ಲಿ ಗುಂಡಿಯನ್ನು ನೋಡಿ ಬೆರಳು ಚಿವುಟಿದರೆ ಒತ್ತಿದಂತಾಗುತ್ತದೆ. ಫೋನಿನ ಆ್ಯಪ್‌ನಲ್ಲಿ ಬೆರಳಿಗೆ ೪೪ ಪಾಯಿಂಟ್ ಜಾಗ ಸಾಕೆಂದು ಆ್ಯಪಲ್‌ನ ಮಾರ್ಗದರ್ಶಿ ಹೇಳಿದರೆ, ಇಲ್ಲಿ ೬೦ ಪಾಯಿಂಟ್ ಕೊಡಿರೆನ್ನುತ್ತದೆ. ಏಕೆಂದರೆ ದೃಷ್ಟಿ ಬೆರಳಿನಷ್ಟು ಸ್ಥಿರವಲ್ಲ, ಸದಾ ಅಲುಗುತ್ತಿರುತ್ತದೆ. ಇನ್ನೊಂದು ಒಳ್ಳೆಯ ನಿಯಮವೂ ಇದೆ: ನೀವು ಎಲ್ಲಿ ನೋಡುತ್ತಿದ್ದೀರೆಂಬುದನ್ನು ಆ್ಯಪ್‌ಗೆ ತಿಳಿಸುವುದಿಲ್ಲ, ಬೆರಳು ಚಿವುಟಿದಾಗ ಮಾತ್ರ ತಿಳಿಸುತ್ತಾರೆ. ಜಾಹೀರಾತಿನ ಯಾವ ಮೂಲೆಯ ಮೇಲೆ ಗಿರಾಕಿಯ ಕಣ್ಣು ನೆಟ್ಟಿತೆಂದು ಅಂಗಡಿಯವನಿಗೆ ಗೊತ್ತಾಗದಿರುವುದೇ ಮೇಲಲ್ಲವೇ?

ಹೀಗಾಗಿ ಕಡೆಗೆ ಒಂದು ಸಲವಾದರೂ ಸಾಧನವನ್ನು ತೊಟ್ಟು ನೋಡಲೇಬೇಕು. ಕಂಪನಿಗೂ ಇದು ತಿಳಿದಿತ್ತು. ಆ್ಯಪ್ ತಂದು ಪರೀಕ್ಷಿಸಿಕೊಳ್ಳಿರೆಂದು ೨೦೨೩ರಲ್ಲಿ ಅದು ಮೊದಲು ತೆರೆದ ಪ್ರಯೋಗಶಾಲೆಗಳು ಕ್ಯುಪರ್ಟಿನೋ, ಲಂಡನ್, ಮ್ಯೂನಿಕ್, ಷಾಂಘಾಯ್, ಸಿಂಗಪುರ, ಟೋಕಿಯೋ ನಗರಗಳಲ್ಲಿ ಇದ್ದವು. ಆ್ಯಪ್ ಬರೆಯುವವರಿಗಾಗಿ ಅದೇ ಕಂಪನಿ ೨೦೧೭ರಲ್ಲಿಯೇ ಒಂದು ಕೇಂದ್ರ ತೆರೆದಿದ್ದ ನಮ್ಮ ಬೆಂಗಳೂರು ಆ ಮೊದಲ ಪಟ್ಟಿಯಲ್ಲಿ ಇರಲಿಲ್ಲ. ಇಲ್ಲಿಯ ತರುಣನಿಗೆ ಹತ್ತಿರದ್ದೆಂದರೆ ಸಿಂಗಪುರ! ಕಲಿಕೆಯ ಪಾಠಗಳು ಮನೆಬಾಗಿಲಿಗೆ ಬಂದರೂ ದೇಹದ ಪಾಠಕ್ಕೆ ವಿಮಾನವೇರಬೇಕಾದ ಈ ಅಂತರ ಸಣ್ಣದಲ್ಲ.

ಮತ್ತೊಂದು ಎಚ್ಚರಿಕೆ ಉಂಟು. ಈ ಕ್ಷೇತ್ರದಲ್ಲಿ ಸಾಧನಗಳ ಆಯುಸ್ಸು ಕಡಿಮೆ. ಮೈಕ್ರೋಸಾಫ್ಟ್ ೨೦೧೬ರಲ್ಲಿ ಹೋಲೋಲೆನ್ಸ್ ಎಂಬ ಕನ್ನಡಕವನ್ನು ಹೊರತಂದಿತು. ಅದರ ಎರಡನೆಯ ಮಾದರಿಯ ತಯಾರಿಕೆಯನ್ನು ನಿಲ್ಲಿಸಿದ್ದಾಗಿ ೨೦೨೪ರ ಅಕ್ಟೋಬರಿನಲ್ಲಿ ಹೇಳಿತು. ಮೆಟಾ ಕಂಪನಿಯ ಸ್ಪಾರ್ಕ್ ಎಂಬ ಸಲಕರಣೆ ೨೦೨೫ರ ಜನವರಿಯಲ್ಲಿ ಮುಚ್ಚಿತು. ಅವುಗಳ ಗುಂಡಿಗಳನ್ನಷ್ಟೇ ಬಾಯಿಪಾಠ ಮಾಡಿದವರು ಮತ್ತೆ ಒಂದರಿಂದ ಆರಂಭಿಸಬೇಕಾಯಿತು. ಆದುದರಿಂದ ಯಾವ ಕಂಪನಿಯೊಂದಿಗೂ ಸಾಯದ ವಿಷಯಕ್ಕೆ ಹೆಚ್ಚು ಹೊತ್ತು ಕೊಡುವುದು ಲೇಸು. ೨೦೧೯ರಲ್ಲಿ ಬಂದ ಓಪನ್‌ಎಕ್ಸ್‌ಆರ್ ಎಂಬುದು ಹಲವು ಕಂಪನಿಗಳ ಸಾಧನಗಳಿಗೆ ಹೊಂದುವ ಸಮಾನ ಒಪ್ಪಂದ. ಪಿಕ್ಸಾರ್ ೨೦೧೬ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟ ಯುಎಸ್‌ಡಿ ಎಂಬುದು ಘನಾಕೃತಿಗಳ ದೃಶ್ಯಗಳನ್ನು ಬರೆದಿಡುವ ಕ್ರಮ. ಅದಕ್ಕೂ ಹಿಂದಿನದು ಗಣಿತ. ವಸ್ತುವೊಂದನ್ನು ಬಯಲಿನಲ್ಲಿ ತಿರುಗಿಸುವ ಲೆಕ್ಕಕ್ಕೆ ಈ ಸಲಕರಣೆಗಳೆಲ್ಲ ಬಳಸುವುದು ಕ್ವಾಟರ್ನಿಯನ್ ಎಂಬ ನಾಲ್ಕು ಅಂಗಗಳ ಸಂಖ್ಯೆಯನ್ನು. ವಿಲಿಯಂ ಹ್ಯಾಮಿಲ್ಟನ್‌ರಿಗೆ ಅದು ಹೊಳೆದದ್ದು ೧೮೪೩ರ ಅಕ್ಟೋಬರ್ ೧೬ರಂದು, ಡಬ್ಲಿನ್ನಿನ ಕಾಲುವೆಯ ದಂಡೆಯಲ್ಲಿ ನಡೆಯುತ್ತಿದ್ದಾಗ; ಸೂತ್ರವನ್ನು ಅಲ್ಲಿಯೇ ಸೇತುವೆಯ ಕಲ್ಲಿನ ಮೇಲೆ ಕೆತ್ತಿದರಂತೆ. ಅದನ್ನು ಕಲಿಯಲು ಕಾಗದ, ಪೆನ್ಸಿಲು ಸಾಕು.

ಸಾಧನ ಎರವಲು ಸಿಕ್ಕ ದಿನ ಹೊಸ ಪಾಠ ಓದುತ್ತ ಹೊತ್ತು ಕಳೆಯಬಾರದು. ಆ್ಯಪ್ ಮೊದಲೇ ಸಿದ್ಧವಿರಲಿ, ಕೈಯಲ್ಲಿ ಒಂದು ಅಳತೆಯ ಪಟ್ಟಿ ಇರಲಿ. ವಸ್ತು ಮೇಜಿನ ಮೇಲೆ ಸರಿಯಾಗಿ ಕುಳಿತಿದೆಯೇ, ಇಲ್ಲ ಎರಡು ಅಂಗುಲ ತೇಲುತ್ತಿದೆಯೇ? ಅಕ್ಷರ ಎಷ್ಟು ಅಡಿ ದೂರದಿಂದ ಓದಲಾಗುತ್ತದೆ? ಬಳಿಕ ಮನೆಯ ಹಿರಿಯರೊಬ್ಬರಿಗೆ ತೊಡಿಸಿ, ಏನನ್ನೂ ಹೇಳಿಕೊಡದೆ ಪಕ್ಕದಲ್ಲಿ ನಿಂತು, ಅವರ ಕೈ ಮೊದಲು ಎಲ್ಲಿಗೆ ಹೋಗುತ್ತದೆಂದು ನೋಡಿ ಗುರುತು ಹಾಕಿಕೊಳ್ಳಬೇಕು.